ಬರಹ ಬರುತ್ತದೆ, ಬಳಗ ಬರುವುದಿಲ್ಲ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ, ಟ್ವಿಟರ್‌ನಂಥ ಕೂ ಆ್ಯಪ್ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಹಳದಿ ಹಕ್ಕಿಯ ಗುರುತು ಇತ್ತಲ್ಲ, ಅದೇ. 2020ರಲ್ಲಿ ಅದು ಮೊದಲು ಶುರುವಾದದ್ದೇ ಕನ್ನಡದಲ್ಲಿ. ಆಮೇಲೆ ಬೇರೆ ಭಾಷೆಗಳಿಗೆ ಹೋಯಿತು. 2024ರ ಜುಲೈ 3ರಂದು, ಇನ್ನು ನಡೆಸೋಕೆ ಆಗುವುದಿಲ್ಲ ಅಂತ ಸ್ಥಾಪಕರು ತಿಳಿಸಿಬಿಟ್ಟರು. ಅದಕ್ಕೆ ನಾಲ್ಕು ವರ್ಷ ಮೊದಲು, 2020ರ ಜೂನ್ 29ರಂದು, ಕೇಂದ್ರ ಸರ್ಕಾರದ ಆದೇಶ ಬಂದು ಟಿಕ್‌ಟಾಕ್ ನಿಂತಿತು. ಇನ್ನೂ ಹಿಂದೆ ಹೋದರೆ, 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್‌ನ ಸೋಷಿಯಲ್ ನೆಟ್‌ವರ್ಕ್ ಆರ್ಕುಟ್ ಮುಚ್ಚಿತು. ನನ್ನ ವಯಸ್ಸಿನವರು ರಾತ್ರಿಯೆಲ್ಲ ಸ್ಕ್ರ್ಯಾಪ್ ಬರೆದುಕೊಂಡು ಕೂತಿದ್ದ ಆರ್ಕುಟ್.

ಒಂದಕ್ಕೆ ದುಡ್ಡು ಸಾಲಲಿಲ್ಲ, ಇನ್ನೊಂದಕ್ಕೆ ಸರ್ಕಾರ ಬೇಡ ಅಂತು, ಮತ್ತೊಂದರ ಮೇಲೆ ಕಂಪನಿಗೇ ಆಸಕ್ತಿ ಹೋಯಿತು. ಆದರೆ ಅಲ್ಲಿದ್ದವರ ಪಾಡು ಹೆಚ್ಚುಕಡಿಮೆ ಒಂದೇ. ಮಾಡಿದ ವಿಡಿಯೋ ಫೋನಿನಲ್ಲಿ ಉಳಿದಿತ್ತು, ಬರೆದ ಸಾಲುಗಳನ್ನು ಕೆಲವರು ನಕಲು ಮಾಡಿಟ್ಟುಕೊಂಡಿದ್ದರು. ಕೈತಪ್ಪಿ ಹೋದದ್ದು ಜನ. ಹೊಲದ ಬದುವಿನ ಮೇಲೆ ನಿಂತು ವಿಡಿಯೋ ಮಾಡಿ ಸಾವಿರಾರು ಜನರನ್ನು ಸೇರಿಸಿಕೊಂಡಿದ್ದವರು, ಮಾರನೆಯ ದಿನ ಇನ್ನೊಂದು ಆ್ಯಪಿನಲ್ಲಿ ಸೊನ್ನೆಯಿಂದ ಎಣಿಸಬೇಕಾಯಿತು.

ಮೊಬೈಲ್ ನಂಬರಿನ ವಿಷಯ ತೆಗೆದುಕೊಳ್ಳಿ. 2011ರ ಜನವರಿ 20ರಿಂದ ಇಡೀ ದೇಶದಲ್ಲಿ ನಂಬರ್ ಬದಲಾಗದೆ ಕಂಪನಿ ಬದಲಾಯಿಸಬಹುದು. ಪೋರ್ಟ್ ಅಂತ ಬರೆದು ನಿಮ್ಮ ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಕಳಿಸಿದರೆ ಒಂದು ಕೋಡ್ ಬರುತ್ತದೆ, ಅದನ್ನು ಹೊಸ ಕಂಪನಿಗೆ ಕೊಟ್ಟರೆ ಆಯಿತು. ಅದಕ್ಕೂ ಮೊದಲು ಕಂಪನಿ ಬಿಡಬೇಡಿ ಅಂತ ಯಾರೂ ಕೈಹಿಡಿದು ನಿಲ್ಲಿಸುತ್ತಿರಲಿಲ್ಲ. ಬೇಕಾದರೆ ಹೊಸ ಸಿಮ್ ತೆಗೆದುಕೊಳ್ಳಬಹುದಿತ್ತು. ಆದರೆ ಅಂಗಡಿ ಬೋರ್ಡಿನ ಮೇಲಿರುವ ನಂಬರ್ ಏನಾಗಬೇಕು? ನೆಂಟರು, ಗಿರಾಕಿಗಳು, ಬ್ಯಾಂಕು, ಗ್ಯಾಸ್ ಏಜೆನ್ಸಿ, ಎಲ್ಲರಿಗೂ ಹೊಸ ನಂಬರ್ ಯಾರು ಹೇಳುತ್ತಾ ಕೂರುತ್ತಾರೆ? ಅದಕ್ಕೇ ಬೈದುಕೊಂಡು ಹಳೆಯ ಕಂಪನಿಯಲ್ಲೇ ಇರುತ್ತಿದ್ದೆವು. ಕಂಪನಿಗಳೂ ತಾವಾಗಿ ಈ ಸೌಲಭ್ಯ ಕೊಡಲಿಲ್ಲ, ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ ನಿಯಮ ಮಾಡಿ ಕೊಡಿಸಿತು.

ಬ್ಲಾಗಿಗೆ, ಸೋಷಿಯಲ್ ನೆಟ್‌ವರ್ಕಿಗೆ ಇಂಥ ಪೋರ್ಟ್ ಸೌಲಭ್ಯವನ್ನು ಸಾಫ್ಟ್‌ವೇರ್ ಬರೆದೇ ಕಟ್ಟಿಬಿಡೋಣ ಅಂತ ಹೊರಟವರು ಬಹಳ ಜನ. ಇಪ್ಪತ್ತು ವರ್ಷದ ಮೇಲಾಯಿತು. ಅವರು ಎಲ್ಲಿಯವರೆಗೆ ಬಂದಿದ್ದಾರೆ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನುವುದು ಇವತ್ತಿನ ಮಾತು.

ಮೊದಲು ಸುಲಭದ್ದು ಹೇಳಿಬಿಡುತ್ತೇನೆ. ಬರಹವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ ಬಹುಮಟ್ಟಿಗೆ ಗೆದ್ದ ಹಾಗೆ. ಅದರ ಕಷ್ಟ ಕನ್ನಡದವರಿಗೆ ಗೊತ್ತಿರುವಷ್ಟು ಬಹುಶಃ ಇಂಗ್ಲಿಷಿನವರಿಗೂ ಗೊತ್ತಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಸಂಕೇತಪಟ್ಟಿ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವು ನುಡಿ, ಬರಹ, ಶ್ರೀಲಿಪಿ ಅಂತ ಬೇರೆ ಬೇರೆ ತಂತ್ರಾಂಶಗಳಲ್ಲಿ ಟೈಪ್ ಮಾಡುತ್ತಿದ್ದೆವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಹತ್ತು ವರ್ಷದ ಕಥೆ, ಕವಿತೆ, ಪಿಎಚ್‌ಡಿ ಪ್ರಬಂಧ ಎಲ್ಲ ಆ ಚಿಹ್ನೆಗಳೊಳಗೆ.

ಅದನ್ನು ಯೂನಿಕೋಡಿಗೆ ತರುವ ಪರಿವರ್ತಕ ಬರೆಯೋದು ಸುಮ್ನೆ ಈ ಅಕ್ಷರ ತೆಗೆದು ಆ ಅಕ್ಷರ ಹಾಕುವ ಕೆಲಸ ಆಗಿರಲಿಲ್ಲ. ಕರ್ನಾಟಕ ಅನ್ನುವ ಪದವನ್ನೇ ನೋಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತದೆ. ಮೊದಲು ನಾ, ಆಮೇಲೆ ಅರ್ಕಾವತ್ತು. ಯೂನಿಕೋಡಿನಲ್ಲಿ ನಾವು ಉಚ್ಚರಿಸುವ ಕ್ರಮ. ಮೊದಲು ಅರ್ಧ ರ, ಆಮೇಲೆ ನಾ. ಅಂದರೆ ಪರಿವರ್ತಕ ಅರ್ಕಾವತ್ತು ಕಂಡ ಕೂಡಲೇ ಹಿಂದಕ್ಕೆ ಹೋಗಿ, ಆ ಗುಣಿತ ಎಲ್ಲಿ ಶುರುವಾಯಿತು ಅಂತ ಹುಡುಕಿ, ಅದರ ಮುಂದೆ ರ ಇಡಬೇಕು. ಒತ್ತಕ್ಷರವೂ ಜೊತೆಗಿದ್ದರೆ ಇನ್ನೂ ಹಿಂದಕ್ಕೆ. ಇದನ್ನೆಲ್ಲ ನಮ್ಮ ಹುಡುಗರು ಬಿಡುವಿನ ವೇಳೆಯಲ್ಲಿ ಕೂತು ಬರೆದು, ಪುಕ್ಕಟೆ ಹಂಚಿದರು. ಇವತ್ತಿಗೂ ಪತ್ರಿಕಾ ಕಚೇರಿಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಅವು ಓಡುತ್ತಿವೆ. ಗಮನಿಸಿ, ಇಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಬೀಗ ಹಾಕಿರಲಿಲ್ಲ. ಎಲ್ಲರೂ ತಮಗೆ ತೋಚಿದ ಹಾಗೆ ಕನ್ನಡವನ್ನು ಕಂಪ್ಯೂಟರಿಗೆ ತಂದಿದ್ದರು, ಬೀಗ ತಾನಾಗಿ ಬಿತ್ತು. ಅದು ಬಿಚ್ಚಿದ್ದು ಯಾಕೆ ಅಂದರೆ ಫೈಲ್ ನಮ್ಮ ಕೈಯಲ್ಲಿತ್ತು, ಯೂನಿಕೋಡ್ ಎಲ್ಲರಿಗೂ ತೆರೆದ ಪುಸ್ತಕವಾಗಿತ್ತು.

ಬ್ಲಾಗಿನಲ್ಲೂ ಹೀಗೇ. ತಾಣದ ಬರಹಗಳನ್ನು ಬೇರೆ ತಂತ್ರಾಂಶಗಳೂ ಓದುವ ಹಾಗೆ ಪಟ್ಟಿ ಮಾಡಿ ಕೊಡುವ ಆರ್‌ಎಸ್‌ಎಸ್ ಅನ್ನುವ ಮಾದರಿ 1999ರಿಂದ ಇದೆ, ಅಂಥದ್ದೇ ಆದ ಆ್ಯಟಮ್ 2005ರಲ್ಲಿ ಅಧಿಕೃತವಾಯಿತು. ಗೂಗಲ್‌ನ ಬ್ಲಾಗ್ ಸೇವೆ ಬ್ಲಾಗರ್‌ನಿಂದ ಇಳಿಸಿಕೊಂಡ ಫೈಲನ್ನು ಒಮ್ಮೆ ತೆರೆದು ನೋಡಿ. ಪ್ರತಿ ಬರಹದ ಶೀರ್ಷಿಕೆ ಇರುತ್ತದೆ. ಪ್ರಕಟವಾದ ದಿನ, ಗಂಟೆ, ನಿಮಿಷ. ಕೆಳಗೆ ಪೂರ್ತಿ ಬರಹ. ಇನ್ನೂ ಕೆಳಗೆ, ಯಾರೋ ರಾತ್ರಿ ಹನ್ನೊಂದಕ್ಕೆ ಬಂದು ಚೆನ್ನಾಗಿದೆ ಸಾರ್ ಅಂತ ಬರೆದು ಹೋದ ಪ್ರತಿಕ್ರಿಯೆ ಕೂಡ. ಚಿತ್ರ ಮಾತ್ರ ಆ ಫೈಲಿನೊಳಗೆ ಇರುವುದಿಲ್ಲ. ಅದು ಯಾವ ಸರ್ವರಿನಲ್ಲಿದೆ ಅನ್ನುವ ವಿಳಾಸ ಇರುತ್ತದೆ, ಅಷ್ಟೇ. ವರ್ಡ್‌ಪ್ರೆಸ್ ಅನ್ನುವ ಇನ್ನೊಂದು ಬ್ಲಾಗ್ ತಂತ್ರಾಂಶದಲ್ಲಿ ಇಂಥ ಫೈಲನ್ನು ಓದಿ ಒಳಗೆ ಎಳೆದುಕೊಳ್ಳುವ ಸಾಧನ ಬಹಳ ಹಿಂದಿನಿಂದ ಇದೆ. 2004ರಲ್ಲಿ ಮೂವಬಲ್ ಟೈಪ್ ಅನ್ನುವ ಆಗಿನ ಜನಪ್ರಿಯ ಬ್ಲಾಗ್ ತಂತ್ರಾಂಶ ತನ್ನ ಪರವಾನಗಿ ನಿಯಮ ಬಿಗಿ ಮಾಡಿದಾಗ, ಒಂದು ವರ್ಷದ ಕೂಸಾಗಿದ್ದ ವರ್ಡ್‌ಪ್ರೆಸ್ಸಿಗೆ ಜನ ಗಂಟುಮೂಟೆ ಕಟ್ಟಿಕೊಂಡು ಬಂದದ್ದು ಈ ದಾರಿ ತೆರೆದಿದ್ದರಿಂದಲೇ.

ಹಾಗಾದರೆ ತೊಂದರೆ ಎಲ್ಲಿದೆ? ಪ್ರತಿಕ್ರಿಯೆ ಬರೆದ ಆ ಮನುಷ್ಯನಲ್ಲಿದೆ. ಅವನ ಮಾತು ಫೈಲಿನಲ್ಲಿ ಬಂತು, ಅವನು ಬರಲಿಲ್ಲ. ಅವನು ಯಾರು ಅಂತ ಹೊಸ ಮನೆಗೆ ಗೊತ್ತಿಲ್ಲ.

ಇದನ್ನು ನನ್ನ ಪ್ರಕಾರ ಅತ್ಯಂತ ಜಾಣತನದಿಂದ ಬಿಡಿಸಿದ್ದು ಲೈವ್‌ಜರ್ನಲ್ ಕಡೆಯವರು. ಅಮೆರಿಕದಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಅನ್ನುವ ಹುಡುಗ 1999ರಲ್ಲಿ ಗೆಳೆಯರಿಗೆ ತನ್ನ ಸುದ್ದಿ ತಿಳಿಸಲು ಕಟ್ಟಿಕೊಂಡ ತಾಣ ಅದು. ಬ್ಲಾಗೂ ಹೌದು, ಗೆಳೆಯರ ಬಳಗವೂ ಹೌದು. ಕೆಲವು ಬರಹ ಎಲ್ಲರಿಗೂ, ಕೆಲವು ಗೆಳೆಯರಿಗೆ ಮಾತ್ರ. ಅದರ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಿ ತಿದ್ದಬಹುದು ಅಂತ ಆತ ಮುಕ್ತವಾಗಿ ಬಿಟ್ಟಿದ್ದ. 2005ರಲ್ಲಿ ಅದನ್ನು ಸಿಕ್ಸ್ ಅಪಾರ್ಟ್ ಕಂಪನಿ ಕೊಂಡಿತು. 2007ರ ಕೊನೆಗೆ ರಷ್ಯಾದ ಒಂದು ಕಂಪನಿಗೆ ಮಾರಿತು. 2016ರ ಕೊನೆಗೆ ಸರ್ವರುಗಳೂ ರಷ್ಯಾಕ್ಕೆ ಹೋದವು, ಮರುವರ್ಷ ಅಲ್ಲಿನ ಕಾನೂನಿಗೆ ಒಪ್ಪುವ ಹೊಸ ನಿಯಮಗಳೂ ಬಂದವು. ಹದಿನೆಂಟರ ಹುಡುಗಿ ಗೆಳತಿಯರಿಗೆ ಮಾತ್ರ ಅಂತ ಬರೆದ ಡೈರಿ ಕೈಯಿಂದ ಕೈಗೆ ದಾಟಿ ಇನ್ನೊಂದು ದೇಶ ಸೇರಿತು. ಅವಳನ್ನು ಯಾರೂ ಕೇಳಲಿಲ್ಲ.

ಲೈವ್‌ಜರ್ನಲ್‌ನಲ್ಲಿ ಮೊದಲು ಕೆಲಸ ಮಾಡುತ್ತಿದ್ದ ಕೆಲವರು 2009ರಲ್ಲಿ ಅದೇ ಮುಕ್ತ ತಂತ್ರಾಂಶ ತೆಗೆದುಕೊಂಡು ಡ್ರೀಮ್‌ವಿಡ್ತ್ ಅಂತ ಹೊಸ ತಾಣ ಮಾಡಿದರು. ಹಳೆಯ ಮನೆಯಿಂದ ಎಲ್ಲವನ್ನೂ ಎಳೆದು ತರುವ ಸಾಧನ ಕಟ್ಟಿದರು. ಬರಹ ಬಂತು, ಪ್ರತಿಕ್ರಿಯೆಗಳೂ ಬಂದವು. ಪ್ರತಿಕ್ರಿಯೆ ಬರೆದವರ ಹೆಸರಿನ ಜಾಗದಲ್ಲಿ ಅವರು ಇಟ್ಟದ್ದು ಓಪನ್‌ಐಡಿ ಗುರುತನ್ನು. ಇದೂ ಫಿಟ್ಜ್‌ಪ್ಯಾಟ್ರಿಕ್ 2005ರಲ್ಲಿ ರೂಪಿಸಿದ್ದೇ. ನಾನು ಇಂಥ ವಿಳಾಸದವನು ಅಂತ ಒಂದು ತಾಣಕ್ಕೆ ಹೇಳಿದರೆ, ಆ ತಾಣ ಹೋಗಿ ಹಳೆಯ ತಾಣವನ್ನು ವಿಚಾರಿಸಿಕೊಂಡು ಬರುತ್ತದೆ. ಪಾಸ್‌ವರ್ಡ್ ಹೊಸಬರ ಕೈಗೆ ಸಿಗುವುದಿಲ್ಲ. ಇದರಿಂದ ಏನಾಯಿತು ಅಂದರೆ, ಲೈವ್‌ಜರ್ನಲ್‌ನಲ್ಲೇ ಉಳಿದ ಗೆಳತಿ ಹೊಸ ಖಾತೆ ತೆರೆಯದೆ ಡ್ರೀಮ್‌ವಿಡ್ತ್‌ಗೆ ಬಂದು, ಗೆಳೆಯರಿಗೆ ಮಾತ್ರ ಇದ್ದ ಬರಹವನ್ನು ಓದಬಹುದಿತ್ತು. ನಾಳೆ ಅವಳೂ ಖಾತೆ ತೆರೆದರೆ, ಹಳೆಯ ಪ್ರತಿಕ್ರಿಯೆಗಳೆಲ್ಲ ತನ್ನವೇ ಅಂತ ಒಂದು ಕ್ಲಿಕ್ಕಿನಲ್ಲಿ ತೋರಿಸಿ ಪಡೆದುಕೊಳ್ಳಬಹುದಿತ್ತು.

ಇನ್ನೊಂದು ಸಣ್ಣ ಬದಲಾವಣೆಯನ್ನೂ ಮಾಡಿದರು. ಫ್ರೆಂಡ್ ಅನ್ನುವ ಒಂದೇ ಗುಂಡಿಯನ್ನು ಎರಡಾಗಿ ಒಡೆದರು. ನಿನ್ನ ಬರಹ ನಾನು ಓದುತ್ತೇನೆ ಅನ್ನೋದು ಒಂದು, ನನ್ನ ಗುಟ್ಟಿನ ಬರಹ ನೀನು ಓದಬಹುದು ಅನ್ನೋದು ಇನ್ನೊಂದು. ಹೌದಲ್ವಾ? ನಾವು ದಿನಾ ಓದುವವರೆಲ್ಲ ನಮ್ಮ ಮನೆ ವಿಷಯ ತಿಳಿಯಬೇಕಾದವರಲ್ಲ. ಇಷ್ಟು ಸರಳವಾದದ್ದು ದೊಡ್ಡ ಕಂಪನಿಗಳಿಗೆ ಅಷ್ಟು ಬೇಗ ಹೊಳೆಯಲಿಲ್ಲ.

ಡ್ರೀಮ್‌ವಿಡ್ತ್ ದೊಡ್ಡದಾಗಿ ಬೆಳೆಯಲಿಲ್ಲ, ಆದರೆ ಇವತ್ತಿಗೂ ನಡೆಯುತ್ತಿದೆ. ಜಾಹೀರಾತಿಲ್ಲದೆ, ಬಳಸುವವರು ಕೊಡುವ ದುಡ್ಡಿನಲ್ಲಿ. ಓಪನ್‌ಐಡಿ ಕಥೆ ಬೇರೆಯಾಯಿತು. ತಮ್ಮದೇ ಉದ್ದ ವಿಳಾಸ ಟೈಪ್ ಮಾಡಿ ಒಳಗೆ ಹೋಗಿ ಅಂದರೆ ಸಾಮಾನ್ಯ ಜನಕ್ಕೆ ರುಚಿಸಲಿಲ್ಲ. 2008ರಲ್ಲಿ ಫೇಸ್‌ಬುಕ್ ತನ್ನ ಗುಂಡಿ ಕೊಟ್ಟಿತು, ಗೂಗಲ್‌ನದೂ ಬಂತು. ಒಂದು ಒತ್ತಿದರೆ ಒಳಗೆ. ಬೇರೆ ಬೇರೆ ಬಾಗಿಲುಗಳ ಕೀಲಿಯನ್ನೆಲ್ಲ ಒಬ್ಬನೇ ಯಜಮಾನನಿಗೆ ಕೊಟ್ಟು ನಾವು ನಿರಾಳವಾದೆವು.

ಇದೇ ಫಿಟ್ಜ್‌ಪ್ಯಾಟ್ರಿಕ್ 2007ರ ಆಗಸ್ಟ್‌ನಲ್ಲಿ ಒಂದು ಪ್ರಬಂಧ ಬರೆದ. ಪ್ರತಿ ಹೊಸ ತಾಣದಲ್ಲೂ ಅದೇ ಗೆಳೆಯರನ್ನು ಮತ್ತೆ ಹುಡುಕಿ ಸೇರಿಸುವ ಕೆಲಸಕ್ಕೆ ಕೊನೆ ಇರಬೇಕು, ಯಾರಿಗೆ ಯಾರು ಗೆಳೆಯರು ಅನ್ನುವ ನಕ್ಷೆ ಒಂದು ಕಂಪನಿಯ ಸ್ವತ್ತಾಗಬಾರದು ಅನ್ನೋದು ವಾದ. ಆತ ಆಮೇಲೆ ಗೂಗಲ್ ಸೇರಿದ. ಎಲ್ಲರಿಗೂ ಕಾಣುವ ಗೆಳೆತನದ ಕೊಂಡಿಗಳನ್ನು ಹುಡುಕಿಕೊಡುವ ಸೇವೆಯನ್ನು ಗೂಗಲ್ 2008ರಲ್ಲಿ ಶುರು ಮಾಡಿತು, 2012ರಲ್ಲಿ ನಿಲ್ಲಿಸಿತು. ಅಷ್ಟರಲ್ಲಿ ಜನ ತಮ್ಮ ಗೆಳೆತನಗಳನ್ನು ಎಲ್ಲರಿಗೂ ಕಾಣುವ ಪುಟಗಳಲ್ಲಿ ಬರೆಯೋದೇ ಬಿಟ್ಟು ಫೇಸ್‌ಬುಕ್‌ನ ಗೋಡೆಯೊಳಗೆ ಹೋಗಿದ್ದರು.

ಆ ಗೋಡೆ ಹತ್ತಿದವರಿಗೆ ಏನಾಯಿತು? 2008ರ ಜನವರಿಯಲ್ಲಿ ರಾಬರ್ಟ್ ಸ್ಕೋಬಲ್ ಅನ್ನುವ ಹೆಸರಾಂತ ಬ್ಲಾಗಿಗ ಒಂದು ಪ್ರಯೋಗ ಮಾಡಿದ. ಪ್ಲ್ಯಾಕ್ಸೋ ಕಂಪನಿ ಬರೆದ ಚಿಕ್ಕ ತಂತ್ರಾಂಶದಿಂದ ತನ್ನ 5000ದಷ್ಟು ಫೇಸ್‌ಬುಕ್ ಗೆಳೆಯರ ಹೆಸರು, ಇಮೇಲ್ ಹೊರಗೆ ತೆಗೆಯಲು ಹೊರಟ. ಇಮೇಲನ್ನು ನಕಲು ಮಾಡಿಕೊಳ್ಳಬಾರದು ಅಂತ ಫೇಸ್‌ಬುಕ್ ಅದನ್ನು ಅಕ್ಷರವಾಗಿ ತೋರಿಸದೆ ಚಿತ್ರವಾಗಿ ತೋರಿಸುತ್ತಿತ್ತು. ಈ ತಂತ್ರಾಂಶ ಚಿತ್ರವನ್ನೂ ಓದಿಬಿಡುತ್ತಿತ್ತು! ಫೇಸ್‌ಬುಕ್‌ಗೆ ಗೊತ್ತಾಗಿ ಆತನ ಖಾತೆ ಬಂದ್ ಆಯಿತು. ದೊಡ್ಡ ಗಲಾಟೆಯಾದ ಮೇಲೆ ವಾಪಸ್ ಕೊಟ್ಟರು. ಅದೇ ವರ್ಷದ ಕೊನೆಗೆ ಪವರ್ ಅನ್ನುವ ಕಂಪನಿಯ ಮೇಲೆ ಫೇಸ್‌ಬುಕ್ ಮೊಕದ್ದಮೆ ಹೂಡಿತು. ಹಲವು ನೆಟ್‌ವರ್ಕುಗಳನ್ನು ಒಂದೇ ಕಿಟಕಿಯಲ್ಲಿ ತೋರಿಸೋದು ಪವರ್‌ನ ಕೆಲಸ. ಬಳಕೆದಾರರೇ ತಮ್ಮ ಪಾಸ್‌ವರ್ಡ್ ಕೊಟ್ಟು ಒಪ್ಪಿದ್ದರು. ಆದರೂ 2016ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ, ಬರಬೇಡ ಅಂತ ಫೇಸ್‌ಬುಕ್ ನೋಟಿಸ್ ಕೊಟ್ಟ ಮೇಲೂ ಬಂದದ್ದು ಕಂಪ್ಯೂಟರ್ ಅಪರಾಧ ಕಾನೂನಿನ ಉಲ್ಲಂಘನೆ ಅಂತ ಹೇಳಿತು. ಕೋಡ್ ಎಷ್ಟೇ ಚೆನ್ನಾಗಿ ಬರೆದಿರಲಿ, ವಕೀಲರ ನೋಟಿಸಿನ ಮುಂದೆ ನಿಲ್ಲಲಿಲ್ಲ.

ಹಾಗಂತ ಗೋಡೆ ಕಟ್ಟಿದವರ ಮಾತಿನಲ್ಲಿ ಸತ್ಯವೇ ಇಲ್ಲ ಅಂತ ನಾನು ಹೇಳಲಾರೆ. ನನ್ನ ಗೆಳೆಯರ ಪಟ್ಟಿ ಪೂರ್ತಿ ನನ್ನದಲ್ಲ, ಅದರಲ್ಲಿ ಅವರೂ ಇದ್ದಾರೆ. ನನಗೆ ಕೊಟ್ಟ ಇಮೇಲನ್ನು ನಾನು ಇನ್ಯಾವುದೋ ಕಂಪನಿಗೆ ಸುರಿದು ಬಂದರೆ? 2018ರಲ್ಲಿ ಬಯಲಾದ, ಚುನಾವಣಾ ಪ್ರಚಾರದ ಕಂಪನಿ ಕೇಂಬ್ರಿಡ್ಜ್ ಅನಲಿಟಿಕಾದ ಪ್ರಕರಣದಲ್ಲಿ ನಡೆದಿದ್ದದ್ದು ಇದೇ. ಒಂದು ಪ್ರಶ್ನಾವಳಿ ಆ್ಯಪ್ ಬಳಸಿದವರ ಮೂಲಕ ಅವರ ಗೆಳೆಯರ ಮಾಹಿತಿಯೂ ಹೊರಗೆ ಹೋಗಿತ್ತು. 8.7 ಕೋಟಿ ಜನರವರೆಗೆ ಇರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಅಲ್ಲಿಂದ ಈಚೆಗೆ ಬಾಗಿಲು ತೆರೆಯಿರಿ ಅಂದರೆ ಸಾಕು, ಕಂಪನಿಗಳು ಖಾಸಗಿತನದ ಮಾತು ಎತ್ತುತ್ತವೆ. ಅರ್ಧ ನಿಜ, ಅರ್ಧ ನೆಪ.

ಹಾಗಾಗಿ ಗೆಳೆಯರನ್ನು ನಾನು ಹೊತ್ತುಕೊಂಡು ಹೋಗುವ ಬದಲು, ನಾನು ಹೋದ ಕಡೆ ಅವರೇ ದಾರಿ ಹಿಡಿಯುವಂತೆ ಮಾಡಿದರೆ? ಟ್ವಿಟರ್‌ನಂಥ ಸೋಷಿಯಲ್ ನೆಟ್‌ವರ್ಕ್ ಮ್ಯಾಸ್ಟಡಾನ್ ಮಾಡುವುದು ಹೀಗೆ. ಜರ್ಮನಿಯ ಯುಜೆನ್ ರೊಚ್ಕೊ 2016ರಲ್ಲಿ ಶುರು ಮಾಡಿದ್ದು. ಎಲ್ಲವನ್ನೂ ನಡೆಸುವ ಒಬ್ಬನೇ ಯಜಮಾನ ಅಂತ ಇಲ್ಲ. ಯಾರು ಬೇಕಾದರೂ ಸರ್ವರ್ ನಡೆಸಬಹುದು, ಸರ್ವರುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತವೆ. ಆ ಮಾತಿನ ನಿಯಮ ಆಕ್ಟಿವಿಟಿಪಬ್, 2018ರ ಜನವರಿಯಲ್ಲಿ ವೆಬ್ಬಿನ ಮಾದರಿಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ ಅದನ್ನು ಮಾನ್ಯ ಮಾಡಿತು. 2019ರ ಕೊನೆಗೆ ಸುಪ್ರೀಂ ಕೋರ್ಟಿನ ಹಿರಿಯ ವಕೀಲರೊಬ್ಬರ ಖಾತೆಯನ್ನು ಟ್ವಿಟರ್ ತಡೆಹಿಡಿದಾಗ, ಸಿಟ್ಟಾದ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ಮ್ಯಾಸ್ಟಡಾನ್‌ಗೆ ಹೋಗಿದ್ದು ಕೆಲವರಿಗೆ ನೆನಪಿರಬಹುದು. ಬಹಳ ಜನ ಬೇಗ ವಾಪಸ್ ಬಂದರು. ಓದುವವರೆಲ್ಲ ಟ್ವಿಟರ್‌ನಲ್ಲೇ ಇದ್ದರಲ್ಲ.

ಮ್ಯಾಸ್ಟಡಾನ್ ಒಳಗೆ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋಗುವ ಬಗೆ ಚೆನ್ನಾಗಿದೆ. ಮೊದಲು ಹೊಸ ಖಾತೆಯಲ್ಲಿ, ನನ್ನ ಹಳೆಯ ಹೆಸರು ಇಂಥದ್ದು ಅಂತ ಬರೆಯಬೇಕು. ಆಮೇಲೆ ಹಳೆಯ ಖಾತೆಗೆ ಹೋಗಿ, ಇನ್ನು ಮೇಲೆ ನಾನು ಅಲ್ಲಿದ್ದೇನೆ ಅಂತ ಹೇಳಬೇಕು. ಹಳೆಯ ಸರ್ವರ್ ಈ ಸುದ್ದಿಯನ್ನು ನಿಮ್ಮನ್ನು ಹಿಂಬಾಲಿಸುವವರ ಸರ್ವರುಗಳಿಗೆಲ್ಲ ಕಳಿಸುತ್ತದೆ. ಅವು ಸುಮ್ಮನೆ ನಂಬುವುದಿಲ್ಲ. ಹೊಸ ಖಾತೆಗೆ ಹೋಗಿ, ಅಲ್ಲೂ ಹಳೆಯ ಹೆಸರು ಬರೆದಿದೆಯಾ ಅಂತ ನೋಡುತ್ತವೆ. ಎರಡೂ ಕಡೆ ತಾಳೆಯಾದರೆ ಮಾತ್ರ ಹಿಂಬಾಲಕರನ್ನು ಹೊಸ ಖಾತೆಗೆ ಸೇರಿಸುತ್ತವೆ. ಇಲ್ಲದಿದ್ದರೆ ಯಾರೋ ಒಬ್ಬ ನಾನೇ ಅವನು ಅಂತ ಬೇರೆಯವರ ಜನರನ್ನು ಹೊಡೆದುಕೊಂಡು ಹೋಗಬಹುದಲ್ಲ. ನಿಮ್ಮ ಗೆಳೆಯರು ಏನೂ ಮಾಡಬೇಕಿಲ್ಲ, ಅವರ ಇಮೇಲ್ ನಿಮಗೆ ಗೊತ್ತಾಗುವ ಅಗತ್ಯವೂ ಇಲ್ಲ. ತಮಾಷೆ ಅಂದರೆ ಇಲ್ಲಿ ಜನ ಬರುತ್ತಾರೆ, ಹಳೆಯ ಬರಹಗಳು ಹಿಂದೆಯೇ ಉಳಿಯುತ್ತವೆ. ಬ್ಲಾಗಿನದಕ್ಕೆ ಪೂರ್ತಿ ಉಲ್ಟಾ.

ಇದರ ದೊಡ್ಡ ಕೊರತೆ, ಹೋಗುತ್ತೇನೆ ಅಂತ ಹೇಳಲು ಹಳೆಯ ಸರ್ವರ್ ಜೀವಂತವಾಗಿರಬೇಕು. ಕ್ವಿಯರ್ ಡಾಟ್ ಎಎಫ್ ಅಂತ ಒಂದು ಸರ್ವರ್ ಇತ್ತು. ಕೊನೆಯ ಎರಡು ಅಕ್ಷರ ಅಫ್ಘಾನಿಸ್ತಾನದ ಡೊಮೈನ್, ಅಂದರೆ ಆ ದೇಶಕ್ಕೆ ಸೇರಿದ ಇಂಟರ್ನೆಟ್ ವಿಳಾಸ. 2024ರ ಫೆಬ್ರುವರಿಯಲ್ಲಿ ಅಲ್ಲಿನ ತಾಲಿಬಾನ್ ಸರ್ಕಾರದ ಸಚಿವಾಲಯ ಆ ಹೆಸರನ್ನೇ ರದ್ದು ಮಾಡಿತು. ಕಂಪ್ಯೂಟರ್ ಓಡುತ್ತಲೇ ಇತ್ತು, ಸಾಫ್ಟ್‌ವೇರ್ ಸರಿಯಾಗಿತ್ತು. ವಿಳಾಸವೇ ಹೋದ ಮೇಲೆ ಸುದ್ದಿ ಕಳಿಸೋದು ಎಲ್ಲಿಂದ?

ಟ್ವಿಟರ್‌ನಂಥದ್ದೇ ಇನ್ನೊಂದು ನೆಟ್‌ವರ್ಕ್ ಬ್ಲೂಸ್ಕೈ ಕಟ್ಟಿದವರು ಇದಕ್ಕೇ ಬೇರೆ ದಾರಿ ಹಿಡಿದರು. ಅಲ್ಲಿ ನಿಮ್ಮ ನಿಜವಾದ ಗುರುತು ಒಂದು ಉದ್ದನೆಯ ಅಕ್ಷರಗಳ ಸರ. ಅದು ಯಾವ ಸರ್ವರಿನ ಹೆಸರಿಗೂ ಅಂಟಿಕೊಂಡಿಲ್ಲ. ಕಣ್ಣಿಗೆ ಕಾಣುವ ಹೆಸರು ನಿಮ್ಮದೇ ಡೊಮೈನ್ ಆಗಿರಬಹುದು. ಬರಹ, ಮೆಚ್ಚುಗೆ, ಯಾರನ್ನು ಹಿಂಬಾಲಿಸುತ್ತೀರಿ ಅನ್ನುವುದೆಲ್ಲ ಒಂದೇ ಗಂಟಿನಲ್ಲಿ ಇರುತ್ತದೆ. ಖಾತೆ ನಿಮ್ಮದೇ ಅಂತ ಸಾಬೀತು ಮಾಡುವ ಗುಪ್ತ ಕೀಲಿಯೂ ಗಂಟಿನ ನಕಲೂ ನಿಮ್ಮಲ್ಲಿದ್ದರೆ, ಹಳೆಯ ಸರ್ವರ್ ಸತ್ತರೂ ಹೊಸದಕ್ಕೆ ಹೋಗಬಹುದು. ಕಾಗದದ ಮೇಲೆ ಇದಕ್ಕಿಂತ ಚೆನ್ನಾದ ಪೋರ್ಟ್ ನಾನು ನೋಡಿಲ್ಲ. ಆದರೆ ಹೆಚ್ಚಿನವರ ಖಾತೆಗಳು ಆ ಕಂಪನಿಯ ಸರ್ವರುಗಳಲ್ಲೇ ಇವೆ, ಕೀಲಿಯನ್ನು ತಾವೇ ತೆಗೆದಿಟ್ಟುಕೊಂಡವರು ಕಡಿಮೆ. ಬಾಗಿಲು ಇದೆ, ಹೆಚ್ಚಿನವರು ಅದರಿಂದ ಹೋಗಿ ಅಭ್ಯಾಸ ಮಾಡಿಕೊಂಡಿಲ್ಲ.

ಕಾನೂನಿನ ಬಗ್ಗೆ ಎರಡೇ ಮಾತು. ಯೂರೋಪಿನಲ್ಲಿ 2018ರ ಮೇ 25ರಿಂದ, ನಮ್ಮ ಮಾಹಿತಿಯನ್ನು ಯಂತ್ರ ಓದುವ ರೂಪದಲ್ಲಿ ಪಡೆದು ಬೇರೆ ಕಡೆ ಒಯ್ಯುವ ಹಕ್ಕಿದೆ. ನಮ್ಮಲ್ಲಿ 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಇಂಥ ಹಕ್ಕು ಇತ್ತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಾಗ ಅದು ಕಾಣೆಯಾಗಿತ್ತು. ನಂಬರ್ ಪೋರ್ಟ್ ಮಾಡಿಸಿದ ದೇಶ ಇದನ್ನು ಕೈಬಿಟ್ಟದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಈ ಮಾತು ಕೇಳುತ್ತಿರುವವರಲ್ಲಿ ಹತ್ತು ಹದಿನೈದು ವರ್ಷದ ಹಿಂದಿನ ಕನ್ನಡ ಬ್ಲಾಗ್ ಇಟ್ಟುಕೊಂಡವರು ಖಂಡಿತ ಇದ್ದೀರಿ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಬ್ಲಾಗರ್ ಆದರೆ ಸೆಟ್ಟಿಂಗ್ಸ್ ಒಳಗೆ ಬ್ಯಾಕಪ್ ಅಂತ ಇರುತ್ತದೆ, ಇಳಿಸಿಕೊಳ್ಳಿ. ಇಳಿಸಿ ಸುಮ್ನೆ ಇಡಬೇಡಿ, ತೆರೆದು ಕನ್ನಡ ಸರಿಯಾಗಿ ಕಾಣುತ್ತದಾ ನೋಡಿ. ಚಿತ್ರಗಳನ್ನು ಬೇರೆಯಾಗಿ ಉಳಿಸಿ. ಹೊಸದಾಗಿ ಬರೆಯುವವರಾದರೆ ನಿಮ್ಮದೇ ಡೊಮೈನ್ ತೆಗೆದುಕೊಳ್ಳಿ, ವರ್ಷಕ್ಕೆ ದೊಡ್ಡ ಖರ್ಚೇನಲ್ಲ. ಮೊದಲು ಅಲ್ಲಿ ಹಾಕಿ, ಆಮೇಲೆ ಫೇಸ್‌ಬುಕ್ಕಿಗೋ ಇನ್ನೊಂದಕ್ಕೋ ಕೊಂಡಿ ಕೊಡಿ. ವರ್ಡ್‌ಪ್ರೆಸ್ ಆದರೆ ಆಕ್ಟಿವಿಟಿಪಬ್ ಪ್ಲಗಿನ್ ಸೇರಿಸಿದರೆ ಮ್ಯಾಸ್ಟಡಾನ್‌ನಲ್ಲಿರುವವರು ನಿಮ್ಮ ಬ್ಲಾಗನ್ನೇ ನೇರವಾಗಿ ಹಿಂಬಾಲಿಸಬಹುದು. ಓದುಗರಿಗೆ ಇಷ್ಟವಿದ್ದರೆ ಅವರನ್ನೇ ಕೇಳಿ ಇಮೇಲ್ ಬರೆದಿಟ್ಟುಕೊಳ್ಳಿ. ಹಳೆಯ ನುಡಿ ಫೈಲುಗಳು ಯಾವುದಾದರೂ ಸಿಡಿಯಲ್ಲಿ ಉಳಿದಿದ್ದರೆ ಅವನ್ನೂ ಇದೇ ಗಂಟೆಯಲ್ಲಿ ಹೊರಗೆ ತೆಗೆಯಿರಿ. ಸಿಡಿ ಓದುವ ಕಂಪ್ಯೂಟರ್ ಸಿಗುವುದು ಈಗಲೇ ಕಷ್ಟವಾಗಿದೆ.

ನಮಸ್ಕಾರ.